ಹುಲ್ಲಿನ ಕಣ್ಣೀರು

ಕೃಷ್ಣೆಗೆ ಇನ್ನೂ ಯಾರೂ ಅಡ್ಡಗಟ್ಟೆ ಹಾಕಿರದ, ಸುರಪುರದ ಗುಡ್ಡಗಳು ಇನ್ನೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದ ಕಾಲದಲ್ಲಿ, ಹೊಳೆಯ ದಂಡೆಯ ಮೇಲೆ ಒಂದು ದಿನ ಪಾಲು ಹಂಚುವುದು ನಡೆದಿತ್ತಂತೆ. ಮೀನಿಗೆ ನೀರು, ಗುಬ್ಬಿಗೆ ಜೋಳದ ತೆನೆಯ ತುದಿ, ಆಡಿಗೆ ಬೇಲಿ, ಮನುಷ್ಯನಿಗೆ ಕರಿಮಣ್ಣು. ಎಲ್ಲರೂ ತಮ್ಮ ಪಾಲು ಹೊತ್ತುಕೊಂಡು ಹೋದ ಮೇಲೆ ಹಂಚುವಾತ ಹೊಳೆಗಿಳಿದು ಕೈ ತೊಳೆದುಕೊಂಡ. ಆಗ ಎಲ್ಲಿಂದಲೋ ಒಂದು ದನಿ ಬಂತು, ನನ್ನ ಪಾಲು ಎಲ್ಲಿ ಅಂತ. ಹಂಚುವಾತ ಬಗ್ಗಿ ನೋಡಿದ, ಎದ್ದು ನೋಡಿದ, ಯಾರೂ ಕಾಣಲಿಲ್ಲ. ಅದು ನುಸಿ. ಸಾಸಿವೆ ಕಾಳಿನ ಮೇಲೆ ಮನೆ ಕಟ್ಟಿಕೊಂಡು ಮುಂದೆ ಅಂಗಳವನ್ನೂ ಬಿಟ್ಟುಕೊಳ್ಳುವಷ್ಟು ಸಣ್ಣದು. ಕಣ್ಣಿಗೆ ಕಾಣದವರಿಗೆ ಏನಂತ ಕೊಡಲಿ ಅಂದ ಹಂಚುವಾತ. ನುಸಿಗೆ ಸಿಟ್ಟು ಬಂತು. ಹಂಗಾದರೆ ಎಲ್ಲರ ಪಾಲಿನಲ್ಲೂ ನನ್ನದೊಂದು ಗುಟುಕು ಎಂದು ಹೇಳಿ, ಹೋಗಿ ಎಲೆಯ ಬೆನ್ನಿಗೆ ಅಡಗಿ ಕೂತಿತು.

ಅಂದಿನಿಂದ ಎಲೆಗಳು ಮುದುಡತೊಡಗಿದವು. ಗಂಡನಿಲ್ಲದ ಒಬ್ಬ ಹೆಣ್ಣುಮಗಳು ಗುಡ್ಡ ಹತ್ತಿ, ಕಂಡಕಂಡ ಗಿಡಕ್ಕೆಲ್ಲ ಸೆರಗೊಡ್ಡಿ ಬೇಡಿದಳು. ಯಾವ ಗಿಡವೂ ಹೂಂ ಅನ್ನಲಿಲ್ಲ. ಕೊನೆಗೆ ಕಲ್ಲಿನ ಸಂದಿಯಲ್ಲಿ ನಿಂತಿದ್ದ ರೋಸಾ ಹುಲ್ಲು ಮಾತಾಡಿತು.

"ನನ್ನ ಆಡೂ ಮೂಸೂದಿಲ್ಲ ತಾಯಿ. ಹೂವಂದರ ಹೂವಲ್ಲ, ಕಾಳಂದರ ಕಾಳಲ್ಲ. ನನ್ನ ಹತ್ರ ಇರೂದು ಅಳು ಒಂದ. ನನ್ನ ಅಳಸು. ಆ ಕಣ್ಣೀರಿಗೆ ನುಸಿ ನಿಲ್ಲೂದಿಲ್ಲ. ಆದರ ನನ್ನ ಕಣ್ಣೀರು ಸೂರ್ಯಗ ತೋರಸಬ್ಯಾಡ. ನೀರಿಗೂ ನನಗೂ ಕೂಡಿ ಬರೂದಿಲ್ಲ, ನಡುವ ಯಾರನ್ನರ ಕುಂದ್ರಸು. ಮತ್ತ ನನ್ನ ಇನ್ನೊಬ್ಬರ ಹೆಸರಿಲೆ ಕರೀಬ್ಯಾಡ."

ಇಲ್ಲಿಗೆ ಬರುವಷ್ಟರಲ್ಲಿ ಮಲ್ಲಿಕಮ್ಮ ಆಯಿ ಕೌದಿಯನ್ನು ಮೊಮ್ಮಗಳು ಮೌನೇಶ್ವರಿಯ ಹೆಗಲತನಕ ಎಳೆದು, ಉಳಿದದ್ದು ನಾಳೆ ಅನ್ನುತ್ತಿದ್ದಳು. ಮರುದಿನ ಕತೆ ಮತ್ತೆ ಮೊದಲಿನಿಂದ ಸುರುವಾಗುತ್ತಿತ್ತು. ಮಾತುಗಳು ಹಿಂದೆಮುಂದೆ ಆಗುತ್ತಿದ್ದವು, ಬೇಡಿಕೊಂಡ ಗಿಡಗಳು ಬದಲಾಗುತ್ತಿದ್ದವು, ಆದರೆ ಹೆಸರಿನ ಮಾತೊಂದು ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ಆ ಹೆಣ್ಣುಮಗಳು ಹುಲ್ಲನ್ನು ಅಳಿಸಿದಳೇ, ಅವಳ ಸೆರಗಿಗೆ ಏನಾದರೂ ಬಿತ್ತೇ ಎಂಬುದನ್ನು ಮೌನೇಶ್ವರಿ ಕೊನೆಗೂ ಕೇಳಲಿಲ್ಲ.

ಅವರ ಊರು ಹುಣಸಗಿ ಮತ್ತು ತಿಂಥಣಿಯ ನಡುವೆ, ಕಾಲುವೆಯ ಪಕ್ಕದಲ್ಲಿ. ಆ ಮನೆಯಲ್ಲಿ ಒಂದು ಮಾತನ್ನು ಯಾರೂ ಆಡುವಂತಿರಲಿಲ್ಲ. ಅದು ಎಣ್ಣಿ ಅನ್ನುವ ಮಾತು.

ಆ ಸೀಮೆಯಲ್ಲಿ ಒಗ್ಗರಣೆಗೆ ಹಾಕುವುದು ಎಣ್ಣಿ. ಪಂಪಿನಲ್ಲಿ ತುಂಬಿ ಬೆಳೆಗೆ ಹೊಡೆಯುವ ವಿಷವೂ ಎಣ್ಣಿ. ಸಂಜೆ ಗಂಡಸರು ಗೋಡೆಯ ಮರೆಗೆ ಹೋಗಿ ಹೊಡೆಯುವುದೂ ಎಣ್ಣಿಯೇ. ಮೌನೇಶ್ವರಿ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಅವಳ ಅಪ್ಪ ಅಮರಪ್ಪ ಒಂದು ಗಾಳಿಯ ದಿನ ಮೆಣಸಿನ ಹೊಲಕ್ಕೆ ಎಣ್ಣಿ ಹೊಡೆಯಲು ಹೋದವನು, ಬೆನ್ನಿಗೆ ಪಂಪು ಕಟ್ಟಿಕೊಂಡಂತೆಯೇ ಬದುವಿನ ಮೇಲೆ ಕುಸಿದುಬಿದ್ದ. ಮುಚ್ಚಳ ಸೋರಿ ಅಂಗಿ ತೊಯ್ದಿತ್ತು. ಮೂಗಿಗೆ ಬಟ್ಟೆ ಇರಲಿಲ್ಲ. ತಮ್ಮ ಈಶಪ್ಪ ಅವನನ್ನು ಹೊತ್ತುಕೊಂಡು ಡಾಂಬರು ರಸ್ತೆಗೆ ಓಡಿದ. ಯಾದಗಿರಿಗೆ ಒಯ್ಯಬೇಕೆಂದು ಹೊರಟ ಜೀಪು ಶಹಾಪುರ ದಾಟಲಿಲ್ಲ.

ಮಗ ಹೋದ ದುಃಖದ ಮೇಲೆ ಆಯಿಗೆ ಇನ್ನೊಂದು ದುಃಖ ಬಂದು ಕೂತಿತು. ಎಣ್ಣಿಯಿಂದ ಹೋದ ಅಂದರೆ ಸಾಕು, ಕೇಳಿದವರು ದನಿ ತಗ್ಗಿಸಿ, ಕುಡಿದನೇನು ಅನ್ನುತ್ತಿದ್ದರು. ಸಂತೆಯಲ್ಲಿ, ಬಸ್ಸಿನಲ್ಲಿ, ಬಾವಿಯ ಕಟ್ಟೆಯ ಮೇಲೆ ಆಯಿ ಒಂದೇ ಉತ್ತರ ಕೊಡುತ್ತ ಬಂದಳು: "ಕುಡೀಲಿಲ್ಲ ನನ್ನ ಮಗ. ಹೊಡಿಯಾಕತ್ತಿದ್ದ." ಕೊಟ್ಟು ಕೊಟ್ಟು ಸಾಕಾಗಿ ಒಂದು ದಿನ ಆ ಮಾತನ್ನೇ ಮನೆಯಿಂದ ಹೊರಗೆ ಹಾಕಿದಳು. ಅಡುಗೆಯದು ಕುಸುಬಿ ಆಯಿತು. ದೀಪಕ್ಕೆ ಹಾಕುವುದು ದೀಪದ್ದು, ತಲೆಗೆ ಹಚ್ಚುವುದು ತಲೆದು. ಹೊಸದಾಗಿ ಬಂದ ನೆಂಟರು ಒಗ್ಗರಣೆಗೆ ಎಣ್ಣಿ ಎಲ್ಲಿಟ್ಟೀರಿ ಎಂದು ಕೇಳಿದರೆ, ಮೌನೇಶ್ವರಿಯ ಅವ್ವ ಕುಸುಬಿಯ ಡಬ್ಬಿಯನ್ನು ಅವರ ಮುಂದೆ ಸರಿಸುತ್ತಿದ್ದಳು.

ಅದೇ ವರ್ಷ ಆಯಿ ತಿಂಥಣಿಗೆ ಹೋಗಿ, ಹೊಳೆಯ ದಂಡೆಯ ಗುಡಿಯಲ್ಲಿ ಮೋನಪ್ಪಯ್ಯನ ಮುಂದೆ ಹರಕೆ ಹೊತ್ತಳು. ಮಗ ಬಿದ್ದ ಹೊಲದಿಂದಲೇ, ಆ ವಿಷ ಮುಟ್ಟದ ಕೆಂಪು ಮೆಣಸಿನಕಾಯಿ ಒಂದು ಉಡಿ ತುಂಬ ತಂದು ಸುರಿಯುತ್ತೇನೆ ಅಂತ. ಸೀರೆಯ ಸೆರಗನ್ನು ಹೊಟ್ಟೆಯ ಮುಂದೆ ಮಡಿಚಿ ಹಿಡಿದರೆ ಆಗುವ ಉಡಿ. ಅದರಲ್ಲಿ ಹಿಡಿಯುವುದು ಎಷ್ಟು ಮಹಾ. ಆದರೆ ಅಷ್ಟೂ ಕೂಡಿ ಬರಲಿಲ್ಲ. ಪ್ರತಿ ವರ್ಷ ಮಳೆ ಹಿಂದೆ ಸರಿದು ಬಿಸಿಲು ಕಚ್ಚಿದ ಕೂಡಲೇ ನುಸಿ ಬರುತ್ತಿತ್ತು. ಈಶಪ್ಪ ತಡೆಯುವಷ್ಟು ತಡೆದು, ಕೊನೆಗೆ ತಾಯಿ ಇಲ್ಲದ ಹೊತ್ತು ನೋಡಿ ಪಂಪು ಹೊರುತ್ತಿದ್ದ. ಆಯಿಗೆ ಗಾಳಿಯ ವಾಸನೆಯಲ್ಲೇ ತಿಳಿಯುತ್ತಿತ್ತು. ಬೈಯುತ್ತಿರಲಿಲ್ಲ, ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದಳು. ಹಾಗೆ ಅನ್ನುತ್ತಲೇ ಆಕೆಯ ಸರದಿ ಬಂತು.

"ನನ್ನ ಉಡಿ ಖಾಲಿನ ಹೊಂಟದ, ಮೋನವ್ವ," ಎಂದಳು ಹಾಸಿಗೆಯಿಂದ. "ನೀ ತುಂಬ್ತಿಯೇನ?"

ತುಂಬುತ್ತೇನೆ ಎಂದು ಮೌನೇಶ್ವರಿ ಆ ತಣ್ಣಗಿನ ಕೈಯ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಮಾತು ಕೊಟ್ಟವಳ ಹೊಟ್ಟೆಪಾಡು ಮಾತ್ರ ಹುಣಸಗಿಯ ಒಂದು ಬೀಜ ಗೊಬ್ಬರದ ಅಂಗಡಿಯಲ್ಲಿತ್ತು. ಬಿ.ಎ. ಮುಗಿಸಿದ ಮೇಲೆ ಸಿಕ್ಕ ಕೆಲಸ ಅದೊಂದೇ. ಅಲ್ಲಿ ಬೆಳಗಿನಿಂದ ಸಂಜೆತನಕ ಅದೇ ಮಾತು. ಹತ್ತಿಗೆ ಎಣ್ಣಿ ಕೊಡ್ರಿ, ಭತ್ತಕ್ಕೆ ಎಣ್ಣಿ ಕೊಡ್ರಿ, ನಿನ್ನೆ ಕೊಟ್ಟ ಎಣ್ಣಿ ಹತ್ತಲಿಲ್ಲ ಬೇರೆ ಕೊಡ್ರಿ. ಒಬ್ಬ ಮುದುಕನಂತೂ ಬಂದಾಗಲೆಲ್ಲ, ನಿನ್ನ ಅಂಗಡಿ ಎಣ್ಣಿ ಹೊಡೆದರೆ ಹುಳ ಸಾಯೋದಿಲ್ಲ ಬೇ, ಮತ್ತೊಂದು ಗ್ಲಾಸ್ ಕೇಳ್ತದ ಎಂದು ನಗಿಸಿ ಹೋಗುತ್ತಿದ್ದ. ಹಾಗಾಗಿ ಮೌನೇಶ್ವರಿಗೆ ಎರಡು ನಾಲಿಗೆಗಳಾದವು, ಅಂಗಡಿಯದೊಂದು, ಮನೆಯದೊಂದು. ಆಯಿ ಇದ್ದಾಗ, ಸಂಜೆ ಹೊಸ್ತಿಲಲ್ಲೇ ತಂಬಿಗೆ ಹಿಡಿದು ನಿಂತು, ಬಾಯಿ ಮುಕ್ಕಳಿಸಿ ಒಳಗೆ ಬಾ ಅನ್ನುತ್ತಿದ್ದಳು. ಆಯಿ ಹೋದ ಮೇಲೂ ಅವಳು ಹಾಗೆಯೇ ಮುಕ್ಕಳಿಸಿ ಒಳಗೆ ಹೋಗುತ್ತಿದ್ದಳು.

ಆ ವರ್ಷ ದೀಪಾವಳಿಗೆ ಮೊದಲೇ ಹೊಲದಲ್ಲಿ ಎಲೆ ಮುದುಡಿತು. ಕೆಳಮುಖವಾಗಿ ಮುದುಡಿದರೆ ನುಸಿ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದವಳು, ತನ್ನದೇ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಒಂದೊಂದು ಎಲೆಯೂ ತಿಂಥಣಿಯ ದಂಡೆಯಲ್ಲಿ ಮಗುಚಿ ಹಾಕಿದ ಹರಗೋಲಿನಂತೆ ಕಂಡಿತು. ಈಶಪ್ಪ ಕಾಕಾ ಬದುವಿನ ಮೇಲೆ ನಿಂತಿದ್ದ. ಅವನ ಮನಸ್ಸು ಕೊಟ್ಟಿಗೆಯ ಅಟ್ಟದ ಮೇಲಿದ್ದ ವಿಷದ ಡಬ್ಬಿಯ ಕಡೆಗೆ ಹೋಗಿತ್ತೆಂಬುದು ಅವಳಿಗೆ ಗೊತ್ತಿತ್ತು. ಆಯಿಯ ಕತೆಯ ಹುಲ್ಲು ನೆನಪಾಗಿ, ಸ್ವಲ್ಪ ತಡೆ ಎಂದು ಬೇಡಿಕೊಂಡು ಮರುದಿನವೇ ಸುರಪುರದ ಬಸ್ಸು ಹತ್ತಿದಳು.

ಸುರಪುರದ ಗುಡ್ಡದ ಬುಡದಲ್ಲಿ ಶರೀಫಾಬೀಯ ಮನೆ. ಆಕೆಯ ಗಂಡನ ಕಡೆಯವರು ಒಂದು ಕಾಲದಲ್ಲಿ ಗುಡ್ಡದ ರೋಸಾ ಹುಲ್ಲನ್ನು ಭಟ್ಟಿ ಇಳಿಸಿ ಹೈದರಾಬಾದಿನ ಅತ್ತರಿನವರಿಗೆ ಕಳಿಸುತ್ತಿದ್ದರು. ಈಗ ಆ ಭಟ್ಟಿಯ ತಾಮ್ರದ ಹಂಡೆ, ದೇಗು, ಹಿತ್ತಲಲ್ಲಿ ಬೋರಲು ಬಿದ್ದಿತ್ತು, ಅದರ ಮೇಲೆ ಕೋಳಿಗಳು ಕೂರುತ್ತಿದ್ದವು. ಆಯಿ ಮೊಣಕಾಲಿಗೆ ಹಚ್ಚಿಕೊಳ್ಳಲು ಆಕೆಯ ಹತ್ತಿರ ಒಂದು ಸೀಸೆ ತರುತ್ತಿದ್ದುದು ಮೌನೇಶ್ವರಿಗೆ ನೆನಪಿತ್ತು. ಬಂದ ಕಾರಣ ಕೇಳಿ ಮುದುಕಿ ಚಾಪೆ ಹಾಸಿ ಅವಳನ್ನು ಕೂರಿಸಿದಳು.

"ನಿಮ್ಮ ಆಯಿ ಬಂದು ಏನಂತ ಕೇಳ್ತಿದ್ದಳು ಗೊತ್ತೇನ ಬೇಟಿ?" ಎಂದಳು ಆಮೇಲೆ. "ಶರೀಫಾ, ಹುಲ್ಲಿನ ಕಣ್ಣೀರು ಕೊಡು ಅಂತಿದ್ದಳು. ನಾ ನಗ್ತಿದ್ದೆ. ನಮ್ಮವರು ಅದರ ಮ್ಯಾಲ ಮಕ್ಕಳ ಮದುವಿ ಮಾಡ್ಯಾರ, ಆಕಿ ಅದನ್ನ ಕಣ್ಣೀರು ಅಂತಾಳ ಅಂತ."

ಕೋಳಿಗಳಿಗೆ ನುಸಿ ಹತ್ತಿದಾಗ ಗೂಡಿನ ಕಟ್ಟಿಗೆಗೆ ಅದನ್ನೇ ಹಚ್ಚುತ್ತಿದ್ದರಂತೆ. ಮೆಣಸಿನ ಗಿಡಕ್ಕೆ ಎಷ್ಟು ಹಾಕಬೇಕು ಎಂದರೆ ಆಕೆ ಕೈ ಆಡಿಸಿದಳು. ಕೋಳಿಗೆ ಹೆಚ್ಚಾದರೆ ಕೂಗಿ ಹೇಳುತ್ತದೆ, ಗಿಡ ಏನು ಹೇಳುತ್ತದೆ ಅಂದಳು. ಒಂದು ಮಾತ್ರ ಖಾತ್ರಿ ಗೊತ್ತಿತ್ತು ಆಕೆಗೆ: ಅದು ನೀರಿನ ಜೊತೆ ಕೂಡುವುದಿಲ್ಲ, ನಡುವೆ ಅಂಟವಾಳಕಾಯಿಯ ನೊರೆ ಬೇಕು. ಮೌನೇಶ್ವರಿಗೆ ಕೌದಿಯ ಬಿಸುಪು ನೆನಪಾಯಿತು. ಕತೆಯ ಹುಲ್ಲು ನಡುವೆ ಕೂರಿಸು ಅಂದದ್ದು ಈ ನೊರೆಯನ್ನೇ ಇರಬೇಕು ಅಂದುಕೊಂಡಳು.

ಗುಡ್ಡದಲ್ಲಿ ಹುಲ್ಲು ತೆನೆ ಬಿಟ್ಟು ನಿಂತಿತ್ತು. ಕೊಯ್ದು ತಂದು, ತೊಳೆದ ದೇಗಿನಲ್ಲಿ ಒತ್ತಿ ತುಂಬಿ, ನೀರು ಹಾಕಿ, ಮುಚ್ಚಳದ ಸುತ್ತ ಕಣಕದ ಹಿಟ್ಟು ಮೆತ್ತಿದರು. ಕೆಳಗೆ ಬೆಂಕಿ. ಹಗ್ಗ ಸುತ್ತಿದ ಬಿದಿರಿನ ಕೊಳವೆ ತಣ್ಣೀರಿನಲ್ಲಿ ಕೂತ ಕೊಡಕ್ಕೆ ಇಳಿದಿತ್ತು. ಉಗಿ ತಣಿದು ಹನಿಯಾಗಿ ಇಳಿಯತೊಡಗಿದಾಗ ಹಿತ್ತಲಿಗೆಲ್ಲ ಗುಲಾಬಿಯಂಥ ವಾಸನೆ ಹಬ್ಬಿತು. ಹೊರೆಗಟ್ಟಲೆ ಹುಲ್ಲಿಗೆ, ನೀರಿನ ಮೇಲೆ ತೇಲಿದ್ದು ಒಂದು ಸೀಸೆಯೂ ತುಂಬದಷ್ಟು ತೆಳು ಹಳದಿ ಪದರ. ಶರೀಫಾಬೀ ಅದನ್ನು ಬೆಳಕಿಗೆ ಹಿಡಿದು ನೋಡಿ, ಅತ್ತದ್ದು ಇಷ್ಟೇ ನೋಡು ಅಂದಳು.

ಮೊದಲ ಸಲ ಮೌನೇಶ್ವರಿಯ ಅಂದಾಜು ತಪ್ಪಿತು. ಒಂದು ಸಾಲಿಗೆ ಹೆಚ್ಚು ಬಿತ್ತು, ಅದೂ ನೆತ್ತಿಯ ಬಿಸಿಲಿನಲ್ಲಿ. ಎಲೆಯ ಅಂಚುಗಳು ಕೆಂಡ ತಾಗಿದ ಹಾಗೆ ಕಂದಿದವು. ಕಾಕಾ ಸಪ್ಪಗಾದ ಮುಖದಿಂದ ನೋಡಿ ನಡೆದುಬಿಟ್ಟ. ಅವಳು ಕತೆಯನ್ನು ಮತ್ತೆ ಮೊದಲಿನಿಂದ ನೆನೆದಳು. ಸೂರ್ಯನಿಗೆ ತೋರಿಸಬಾರದು. ಮುಂದಿನ ಸಲ ಹನಿ ಕಡಿಮೆ ಮಾಡಿ, ನೊರೆ ಹೆಚ್ಚಿಸಿ, ಹೊತ್ತು ಇಳಿದ ಮೇಲೆ, ಪಂಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿ ಎಲೆಯ ಬೆನ್ನಿಗೆ ಮಾತ್ರ ಹೊಡೆದಳು. ಬೆಳಗ್ಗೆ ಅಂಗಡಿಯ ಭೂತಗನ್ನಡಿ ಹಿಡಿದು ನೋಡಿದರೆ ನುಸಿಯ ಬಿಳಿ ಚುಕ್ಕೆಗಳು ಓಡಾಡುತ್ತಿರಲಿಲ್ಲ. ಪಕ್ಕದ ಎಲೆಯ ಮೇಲೆ, ನುಸಿಯನ್ನು ತಿನ್ನುವ ಗುಲಗಂಜಿ ಹುಳ ಮಾತ್ರ ಆರಾಮಾಗಿ ನಡೆದಿತ್ತು. ಮತ್ತೆ ಮತ್ತೆ ಹೊಡೆಯಬೇಕಾಯಿತು, ಗಾಳಿಗೆ ಆರಿಹೋಗುವ ವಸ್ತು ಅದು. ಆದರೂ ಕುಡಿಯಲ್ಲಿ ಹೊಸ ಎಲೆ ಚಪ್ಪಟೆಯಾಗಿ ಬಿಚ್ಚಿಕೊಂಡಿತು. ಹೂವು ಕಚ್ಚಿತು. ಕಾಯಿ ಇಳಿಯತೊಡಗಿತು.

ಆಗ ಆ ದಿನ ಬಂತು. ಕಾಲುವೆಗೆ ನೀರು ಬಿಟ್ಟಿದ್ದರು, ಹುಣಸಗಿಯ ಅಂಗಡಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಎಣ್ಣಿ ಎಣ್ಣಿ ಎಂದು ಎಲ್ಲರ ಕೈ ಗಲ್ಲಾಪೆಟ್ಟಿಗೆಯ ಮೇಲೆ. ಇಂದು ಸಂಜೆ ಹೊಲಕ್ಕೆ ಹೊಡೆಯುವ ಸರದಿ ಎಂದು ಅವಳಿಗೆ ನಡುಮಧ್ಯಾಹ್ನ ನೆನಪಾಯಿತು. ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದರಲ್ಲಿ ಫೋನು ಹಚ್ಚಿದಳು.

"ಕಾಕಾ, ನಾ ಬರೂದು ತಡ ಆಗ್ತದ. ಸಂಜೀಕ ನೀನ ಎಣ್ಣಿ ಹೊಡದುಬಿಡು."

"ಖರೆ ಹೇಳಾಕತ್ತಿಯೇನವ್ವ?"

"ಖರೇನ. ಒಂದು ಸಾಲೂ ಬಿಡಬ್ಯಾಡ."

ಬಸ್ಸಿಳಿದು ಕಾಲುವೆಯ ಏರಿ ಹಿಡಿದಾಗ ಇನ್ನೂ ಬೆಳಕಿತ್ತು. ಗಾಳಿ ಹೊಲದ ಕಡೆಯಿಂದ ಬೀಸುತ್ತಿತ್ತು. ಅದರಲ್ಲಿ ಗುಲಾಬಿ ಇರಲಿಲ್ಲ. ಅಪ್ಪನ ಅಂಗಿಯ ವಾಸನೆ ಇತ್ತು.

ಕಾಕಾ ಕಾಲುವೆಯ ಮೆಟ್ಟಿಲ ಹತ್ತಿರ ಮುಖದ ಒದ್ದೆ ಬಟ್ಟೆ ಬಿಚ್ಚುತ್ತ, ಪೂರಾ ಹೊಡೆದೆ ಎಂದ. ನೀನಾಗಿಯೇ ಹೇಳಿದೆಯಲ್ಲ, ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಎಂದ. ಅವಳು ಮನೆಗೆ ನಡೆದು, ಪಡಸಾಲೆಯ ಗೂಡಿನಲ್ಲಿದ್ದ ಸೀಸೆಯನ್ನು ತಂದು ಅವನ ಮುಂದೆ ಹಿಡಿದಳು. ಅದು ಮುಂಜಾನೆ ಎಷ್ಟಿತ್ತೋ ಅಷ್ಟೇ ಇತ್ತು. ಕಾಕಾ ಸೀಸೆಯನ್ನು ನೋಡಿದ, ಅವಳ ಮುಖವನ್ನು ನೋಡಿದ. ತಿಳಿಯಲು ಅವನಿಗೆ ತಡವಾಗಲಿಲ್ಲ.

"ನೀ ಎಣ್ಣಿ ಅಂದಿ."

"ಅಂದೆ, ಕಾಕಾ."

"ಈ ಮನಿಯಾಗ ಯಾರೂ ಆ ಮಾತು ಆಡೂದಿಲ್ಲ. ನೀ ಆಡಿದಿ ಅಂದಮ್ಯಾಲ, ಅದನ್ನ ಅಂದಿರಬೇಕು ಅಂತ ತಿಳಕೊಂಡೆ." ಅವನು ಮೆಟ್ಟಿಲ ಮೇಲೆ ಕೂತ. "ನನಗೇನ ಖುಷಿ ಅದ ಅಂತ ಮಾಡೀಯೇನ? ಪ್ರತಿ ಸಲ ಪಂಪ್ ಹೊರತೀನಲ್ಲ, ಅಣ್ಣ ಬೆನ್ನ ಮ್ಯಾಲ ಕುಂತಂಗ ಆಗ್ತದ. ಅವತ್ತ ಹೊತ್ತಿದ್ದು ಇನ್ನೂ ಇಳಿಸಿಲ್ಲ ನಾ."

ಮೌನೇಶ್ವರಿ ಅವನ ಪಕ್ಕದಲ್ಲಿ ಕೂತಳು. ಅಂದು ಹೊಸ್ತಿಲಲ್ಲಿ ಬಾಯಿ ಮುಕ್ಕಳಿಸುವುದನ್ನು ತಾನು ಮರೆಯಲಿಲ್ಲವಾದರೂ, ಅದಕ್ಕೂ ಮೊದಲೇ ಮಾತು ಫೋನಿನಲ್ಲಿ ಮನೆ ಹೊಕ್ಕಿತ್ತು. ಯಾರನ್ನು ಬೈಯುವುದು? ಮರುದಿನ ಬೆಳಗ್ಗೆ ಗಿಡಗಳ ಬುಡದಲ್ಲಿ ಗುಲಗಂಜಿ ಹುಳಗಳು ಬೆನ್ನು ಕೆಳಗಾಗಿ ಬಿದ್ದಿದ್ದವು. ಕಾಯಿ ಚೆನ್ನಾಗಿಯೇ ಬಂದವು, ಕೆಂಪಗೆ, ಕೈ ತುಂಬ. ಅವ್ವ ಅವನ್ನು ಬಿಡಿಸಿ ಪೇಟೆಗೆ ಕಳಿಸಿದಳು. ಉಡಿಗೆಂದು ಒಂದನ್ನೂ ತೆಗೆದಿಡಲಿಲ್ಲ. ತಿಂಥಣಿಯ ಮೇಲೆ ಹಾಯುವ ಬಸ್ಸಿನಲ್ಲಿ ಕೂತಾಗ ಮೌನೇಶ್ವರಿ ಆ ವರ್ಷವಿಡೀ ಹೊಳೆಯ ಕಡೆಗೆ ಮುಖ ತಿರುಗಿಸಲಿಲ್ಲ.

ಕತೆಯ ಮೂರನೆಯ ಮಾತು ಆಗ ಅವಳಿಗೆ ತಿಳಿಯಿತು. ಆಯಿ ಸುಮ್ಮನೆ ಚಂದಕ್ಕೆ ಕಣ್ಣೀರು ಅಂದಿರಲಿಲ್ಲ. ಕೊಲ್ಲುವುದಕ್ಕೂ ಕಾಯುವುದಕ್ಕೂ ಒಂದೇ ಹೆಸರಿಟ್ಟ ಊರಿನಲ್ಲಿ ಬೇರೆ ಹೆಸರು ಬೇಕಿತ್ತು.

ಮುಂದಿನ ಮುಂಗಾರಿಗೆ ಸಸಿ ಹಚ್ಚಿದ ಮೇಲೆ ಅವಳು ಕಾಕಾನಿಗೆ ಒಂದೇ ಮಾತು ಹೇಳಿದಳು: ಗೂಡಿನಲ್ಲಿರುವುದು ಕಣ್ಣೀರು, ಅದಕ್ಕೆ ಇನ್ನೊಂದು ಹೆಸರಿಲ್ಲ. ಕಾಕಾ ತಲೆಯಾಡಿಸಿದ. ಅಟ್ಟದ ಮೇಲಿನ ಡಬ್ಬಿ ಎಲ್ಲಿ ಹೋಯಿತೋ, ಮತ್ತೆ ಕಾಣಲಿಲ್ಲ. ಹುಲ್ಲು ತೆನೆ ಬಿಟ್ಟಾಗ ಅವನೇ ಕುಡುಗೋಲು ಹಿಡಿದು ಸುರಪುರಕ್ಕೆ ಬಂದ. ಗಂಡಸರ ಕೈಗೆ ಕಣಕ ಮೆತ್ತುವುದು ಬರುವುದಿಲ್ಲ ಎಂದು ಶರೀಫಾಬೀ ಛೇಡಿಸಿದರೆ, ಅವನು ಬಿರುಕು ಬಿಟ್ಟ ಕಡೆಯಲ್ಲೆಲ್ಲ ಮತ್ತೆ ಮೆತ್ತಿ, ಉಗಿ ಹೊರಗೆ ಬಾರದ ಹಾಗೆ ಕಾದು ಕೂತ. ಚಹಾ ಅಂಗಡಿಯಲ್ಲಿ ಗೆಳೆಯರು, ಈಶಪ್ಪ, ಸಂಜೀಕ ಎಣ್ಣಿ ಹೊಡಿಯಾಕ ಬರ್ತಿಯೇನು ಎಂದು ಕರೆದರೆ ಅವನು, ಇಲ್ಲಪಾ, ಕಣ್ಣೀರು ಹೊಡಿಯೂದದ ಅನ್ನುತ್ತಿದ್ದ. ಮೊದಮೊದಲು ನಕ್ಕರು. ಆಮೇಲೆ ಅವನ ಮುಖ ನೋಡಿ ನಗುವುದು ಬಿಟ್ಟರು.

ಹೊಲವೇನು ತುಂಬಿ ತುಳುಕಲಿಲ್ಲ. ಕಾಲುವೆಯ ಕಡೆಯ ಸಾಲುಗಳು ಕೈಬಿಟ್ಟವು. ಒಂದು ವಾರ ಮೋಡ ಮುಸುಕಿ, ಮರುವಾರ ಬಿಸಿಲು ಕೆಂಡವಾಗಿ, ಎಲೆಗಳು ಮತ್ತೆ ಹರಗೋಲಾದವು. ಕಾಕಾ ಸಂಜೆ ಪಂಪಿನ ಮೂತಿ ಮೇಲೆ ಮಾಡಿ ನಡೆಯುತ್ತಿದ್ದ, ಅವಳು ಹಿಂದಿನಿಂದ ಎಲೆ ಎತ್ತಿ ಹಿಡಿಯುತ್ತಿದ್ದಳು. ಬೆನ್ನ ಮೇಲೆ ಯಾರೂ ಕೂತ ಹಾಗೆ ಅನ್ನಿಸುತ್ತಿಲ್ಲ ಎಂದು ಅವನು ಒಂದು ಸಂಜೆ ತಾನಾಗಿಯೇ ಹೇಳಿದ. ಹೇಳಿ, ಪಂಪನ್ನು ಮೆಲ್ಲಗೆ ಬದುವಿನ ಮೇಲಿಳಿಸಿದ. ಉಳಿದ ಗಿಡಗಳಲ್ಲಿ ಕಾಯಿ ಹಸಿರಾಗಿ, ಕಂದಾಗಿ, ಕೆಂಪಾದವು.

ಅವ್ವ ಮಾಳಿಗೆಯ ಮೇಲೆ ಒಣಗಿಸಿದ ಕಾಯಿಗಳಲ್ಲಿ ತೊಟ್ಟು ಮುರಿಯದವುಗಳನ್ನು ಆರಿಸಿ ಕೊಟ್ಟಳು. ಮೌನೇಶ್ವರಿ ಆಯಿಯ ಹಳೆಯ ಸೀರೆ ಉಟ್ಟು, ಅವನ್ನು ಉಡಿಯಲ್ಲಿ ಕಟ್ಟಿಕೊಂಡಳು. ಮೂವರೂ ಬಸ್ಸು ಹತ್ತಿದರು. ಶರೀಫಾಬೀ ಸುರಪುರದಿಂದ ಬಂದು ತಿಂಥಣಿಯ ರಸ್ತೆಗಳು ಕೂಡುವ ಕಡೆ ಕಾಯುತ್ತಿದ್ದಳು. ನಿಮ್ಮ ಮೋನಪ್ಪಯ್ಯ ನಮಗ ಮೌನದ್ದೀನ, ಅವನ ಹತ್ರ ನಾ ಬರದಿದ್ದರ ಹ್ಯಾಂಗ ಅಂದಳು. ಬಿಸಿಲು ಕಲ್ಲಿಗೆ ಬಿದ್ದಿತ್ತು, ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿದ್ದವು.

ಗುಡಿಯ ಒಳಗೆ ಪೂಜಾರಿ ಅವಳ ತುಂಬಿದ ಉಡಿಯನ್ನು ನೋಡಿ, ಯಾರ ಹರಕೆ ತಾಯಿ ಎಂದು ಕೇಳಿದ.

ಮೌನೇಶ್ವರಿ ಉಡಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಆಮೇಲೆ ಮನೆಯ ನಾಲಿಗೆಯಿಂದಲೇ, ಮನೆಯಲ್ಲಿ ಆಡದ ಆ ಮಾತನ್ನೂ ಸೇರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಮ್ಮ ಆಯಿ ಮಲ್ಲಿಕಮ್ಮಂದುರಿ. ನಮ್ಮಪ್ಪ ಬಿದ್ದ ಹೊಲದ ಕಾಯಿರಿ. ಎಣ್ಣಿ ಮುಟ್ಟಿಲ್ರಿ."

ಈಶಪ್ಪ ಕಾಕಾ ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡ. ಅವಳು ಮೊಣಕಾಲೂರಿ ಸೆರಗಿನ ಗಂಟು ಬಿಚ್ಚಿದಳು. ಕಾಯಿಗಳು ಒಣ ಎಲೆಯ ಸಪ್ಪಳ ಮಾಡುತ್ತ ಕಲ್ಲಿನ ಮೇಲೆ ಇಳಿದವು, ಕೊನೆಗೆ ಒಂದೆರಡು ಬೀಜ ಉದುರಿದವು. ಅವಳು ಸೆರಗನ್ನು ಎರಡು ಕೈಯಿಂದ ಹಿಡಿದು ಕೊಡವಿದಳು. ಉಡಿ ಖಾಲಿಯಾಗಿತ್ತು.